ಹೂಂಗುಟ್ಟಿದವಳು

ಅಂಗಿಯ ತೋಳಿನ ಮೇಲೆ ನಿನ್ನೆ ಚೆಲ್ಲಿಕೊಂಡ ಕಾಫಿಯ ಕಲೆ ಎರಡನೇ ಸಲ ಸೋಪು ಹಚ್ಚಿದರೂ ಹೋಗುವ ಹಾಗೆ ಕಾಣಲಿಲ್ಲ. ಈ ಹೋಟೆಲಿನ ಬಚ್ಚಲಲ್ಲಿ ಬಕೆಟ್ಟಿಲ್ಲ, ಚೊಂಬಿಲ್ಲ. ಕೈ ತೊಳೆಯುವ ಬೇಸಿನ್ನಿಗೇ ಬಿಸಿನೀರು ತುಂಬಿಸಿ, ಒಂದೇ ಒಂದು ತೋಳನ್ನು ಅದರಲ್ಲಿ ಅದ್ದಿ, ಉಳಿದ ಅಂಗಿ ಒದ್ದೆಯಾಗದಂತೆ ಹೆಗಲಿಗೆ ಹಾಕಿಕೊಂಡು ಅವಳು ಉಗುರಿನಿಂದ ಉಜ್ಜುತ್ತಿದ್ದಳು. ಕನ್ನಡಿಯ ಕೆಳಗಿನ ಗಾಜಿನ ಹಲಗೆಯ ಮೇಲೆ ಹಳದಿ ರಬ್ಬರಿನ ಬಾತುಕೋಳಿಯೊಂದು ಕೂತು ಇದನ್ನೆಲ್ಲ ನೋಡುತ್ತಿತ್ತು. ಸಮ್ಮೇಳನಕ್ಕೆ ಬಂದವರಿಗೆಲ್ಲ ಚೀಲದಲ್ಲಿ ಒಂದೊಂದು ಹಾಕಿ ಕೊಟ್ಟಿದ್ದರು. ಪ್ರೋಗ್ರಾಂ ಬರೆಯುವವರ ಹಳೆಯ ರೂಢಿ ಅದು: ಎಲ್ಲಿ ತಪ್ಪಿದೆಯೆಂದು ತಿಳಿಯದೆ ತಲೆ ಕೆಟ್ಟಾಗ ಮೇಜಿನ ಮೇಲೆ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಮೊದಲಿನಿಂದ ಎಲ್ಲವನ್ನೂ ವಿವರಿಸುವುದು. ಹೇಳುತ್ತ ಹೇಳುತ್ತ ತಪ್ಪು ತಾನಾಗಿ ಬಾಯಿಗೆ ಬರುತ್ತದೆ. ಬಾತುಕೋಳಿ ಏನೂ ಮಾಡಬೇಕಾಗಿಲ್ಲ, ಎದುರಿಗಿದ್ದರೆ ಸಾಕು.

ಮಂಚದ ಮೇಲಿದ್ದ ಫೋನು ಟಿಣ್ ಎಂದಿತು. ಅಮ್ಮ. ಈ ಹೊತ್ತಿಗೆ ಅಲ್ಲಿ ಮಧ್ಯಾಹ್ನ. ಅಣ್ಣ ಆಫೀಸಿಗೆ, ಅತ್ತಿಗೆ ತನ್ನ ಶಾಲೆಗೆ ಹೋಗಿ ಮನೆ ಖಾಲಿಯಾಗಿರುತ್ತದೆ, ಅಮ್ಮ ಊಟ ಮುಗಿಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಫೋನನ್ನು ಬಾಯಿಯ ಹತ್ತಿರ ತಂದು, ಮೈಕಿನ ಗುರುತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಮಾತಾಡುವ ಹೊತ್ತು. ಇಲ್ಲಿ ಅವಳ ಕೈ ಒದ್ದೆಯಾಗಿತ್ತು. ಒಣಗಿದ್ದರೂ ಅವಳು ಎತ್ತಿಕೊಳ್ಳುತ್ತಿರಲಿಲ್ಲ. ಹಾಗೆಂದು ತನಗೆ ತಾನೇ ಒಪ್ಪಿಕೊಳ್ಳಬೇಕಾದ ಕಷ್ಟವನ್ನು ಒದ್ದೆ ಕೈ ತಪ್ಪಿಸಿತು. ತೋಳನ್ನು ಹಿಂಡಿ, ಬೆಳಕಿಗೆ ಹಿಡಿದು, ಕಲೆ ಈಗ ಕಲೆಯಂತಲ್ಲದೆ ನೆರಳಿನಂತೆ ಕಾಣುತ್ತದೆಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವಳದೇ ದನಿ ಅಮ್ಮನ ಫೋನು ಮುಟ್ಟಿ, “ಹೌದಾ? ಆಮೇಲೆ?” ಎಂದು ಕೇಳಿಯಾಗಿತ್ತು.

ಅದು ಶುರುವಾದದ್ದು ಒಂದು ಮೀಟಿಂಗಿನಲ್ಲಿ. ಮೊದಲೆಲ್ಲ ಅಮ್ಮ ಫೋನೇ ಮಾಡುತ್ತಿದ್ದಳು, ಅದೂ ಸರಿಯಾಗಿ ಮೇಲಿನವರು ಲೆಕ್ಕ ಕೇಳುವ ಹೊತ್ತಿಗೆ. ಕತ್ತರಿಸಿದರೆ ಮತ್ತೆ. “ಕಟ್ ಮಾಡಿದ್ಯಾ? ನಾನು ಲೈನೇ ಹೋಯ್ತು ಅಂದ್ಕೊಂಡೆ.” ಅದಕ್ಕೇ ಒಂದು ಭಾನುವಾರ ಪಕ್ಕದಲ್ಲಿ ಕೂತು ವಾಯ್ಸ್ ಮೆಸೇಜು ಕಳಿಸುವುದನ್ನು ಕಲಿಸಿಕೊಟ್ಟಳು. “ನಿಂಗೆ ಬೇಕಾದಷ್ಟು ಮಾತಾಡಮ್ಮ, ನಾನು ಬಿಡುವಾದಾಗ ಕೇಳ್ತೀನಿ.” ಅಮ್ಮ ಬೇಕಾದಷ್ಟೇ ಮಾತಾಡಿದಳು. ನಲ್ಲಿಯ ವಾಷರ್ ಸವೆದದ್ದು, ಅತ್ತಿಗೆ ಫ್ರಿಜ್ಜಿನ ಬಾಗಿಲು ದಡಾರನೆ ಹಾಕಿದ್ದು, ಕೆಳಗಿನ ಮನೆಯ ಮುದುಕ ಹಲ್ಲು ಕಟ್ಟಿಸಿಕೊಂಡು ಗುರುತೇ ಸಿಗದಂತಾದದ್ದು. ಬಿಡುವು ಆಗಲಿಲ್ಲ, ಕೇಳದ ಮೆಸೇಜುಗಳು ತೊಳೆಯದ ಪಾತ್ರೆಯಂತೆ ಒಂದರ ಮೇಲೊಂದು ಬಿದ್ದವು. ಉತ್ತರ ಬಾರದಿದ್ದರೆ ಅಮ್ಮ ಅಣ್ಣನ ಮುಂದೆ ಏನೂ ಅನ್ನುತ್ತಿರಲಿಲ್ಲ, ಆದರೆ ಊಟ ಸಾಕು ಎಂದು ಬೇಗ ಏಳುತ್ತಾಳೆಂದು ಅಣ್ಣ ಹೇಳಿದ. ಆ ಮಾತು ಅವಳಿಗೆ ಮೂಳೆಯಂತೆ ಗಂಟಲಲ್ಲಿ ಕೂತಿತು. ಅದನ್ನು ಬೇರೆ ಮಗಳಾಗಿದ್ದರೆ ಏನು ಮಾಡಿ ಕಳೆದುಕೊಳ್ಳುತ್ತಿದ್ದಳೋ. ಇವಳು ಪ್ರೋಗ್ರಾಂ ಬರೆಯುವವಳು, ಪ್ರೋಗ್ರಾಂ ಬರೆದಳು.

ಆಫೀಸಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿ, ತನ್ನ ದನಿಯನ್ನೇ ಹಿಡಿದಳು. ಹೂಂ. ಹೌದಾ? ಅಯ್ಯೋ, ಆಮೇಲೆ? ಒಳ್ಳೇದಾಯ್ತು ಬಿಡಮ್ಮ. ಊಟ ಆಯ್ತು, ನಿಂದು? ಸುಸ್ತಾದ ದನಿಯಲ್ಲೊಂದಿಷ್ಟು, ನಗುವಿನ ದನಿಯಲ್ಲೊಂದಿಷ್ಟು. ಅಮ್ಮ ಆಗಾಗ “ಯಾರಿಗೂ ಹೇಳ್ಬೇಡ” ಎಂದು ಅತ್ತಿಗೆಯ ಸುದ್ದಿ ಮುಗಿಸುವುದುಂಟಾದ್ದರಿಂದ, ಆ ಮಾತು ಕಿವಿಗೆ ಬಿದ್ದೊಡನೆ “ಇಲ್ಲಮ್ಮ, ಯಾರಿಗೂ ಹೇಳಲ್ಲ” ಎನ್ನಬೇಕೆಂದು ಯಂತ್ರಕ್ಕೆ ಹೇಳಿಕೊಟ್ಟಳು. ತಕ್ಷಣ ಉತ್ತರ ಹೋದರೆ ಸಂಶಯ ಬರುತ್ತದೆ. ಆದ್ದರಿಂದ ಮೆಸೇಜು ಎಷ್ಟು ಉದ್ದವೋ ಅಷ್ಟು ಹೊತ್ತು ಕಾದು, ಮೇಲಿಷ್ಟು ಮನಸ್ಸಿಗೆ ಬಂದಷ್ಟು ತಡ ಮಾಡಿ, ಆಮೇಲೆ ಉತ್ತರಿಸಬೇಕು. ಈ ತಡ ಮಾಡುವುದರ ಬಗ್ಗೆ ಅವಳಿಗೆ ಗುಟ್ಟಾಗಿ ಹೆಮ್ಮೆಯಿತ್ತು. ನಿಜವಾದ ಆಪತ್ತು ಬಂದರೆ? ಅದಕ್ಕೂ ದಾರಿ ಮಾಡಿದ್ದಳು. ಬಿದ್ದೆ, ಜ್ವರ, ಡಾಕ್ಟರು, ಆಸ್ಪತ್ರೆ, ಎದೆನೋವು, ಬೇಗ ಬಾ. ಇಂಥ ಯಾವ ಮಾತು ಬಂದರೂ ಯಂತ್ರ ಬಾಯಿ ಮುಚ್ಚಿಕೊಂಡು ಅವಳ ಫೋನನ್ನು ಕೆಂಪಾಗಿಸಿ ಕೂಗಬೇಕು. ಇವತ್ತಿನವರೆಗೆ ಒಂದು ಸಲವೂ ಕೂಗಿರಲಿಲ್ಲ. ಅಮ್ಮ ಮಾತ್ರ ಎರಡು ಹೊತ್ತೂ ಸರಿಯಾಗಿ ಉಣ್ಣುತ್ತಿದ್ದಳು. “ಏನು ಮಾಡಿದ್ಯೋ ಮಾರಾಯ್ತಿ, ಅಮ್ಮ ಹಾಡು ಬೇರೆ ಗುನುಗ್ತಾರೆ” ಎಂದು ಅಣ್ಣನೇ ಹೇಳಿದ್ದ.

ಅಷ್ಟಕ್ಕೂ ಅಮ್ಮ ಮಾಡಿದ್ದು ಬೇರೆ ಏನು ಎಂದು ಅವಳು ವಾದ ಹೂಡಿಕೊಳ್ಳುತ್ತಿದ್ದಳು, ಯಾರೂ ಕೇಳದಿದ್ದಾಗಲೂ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳು. ಶಾಲೆಯಿಂದ ಬಂದು ಚೀಲ ಎಸೆದು ಹೊಲಿಗೆ ಮಿಶನ್ನಿನ ಪಕ್ಕ ಕೂತು ಇವಳು ದಿನದ ಪುರಾಣವನ್ನೆಲ್ಲ ಹೇಳುವಾಗ ಅಮ್ಮನ ತುಟಿಗಳ ನಡುವೆ ಗುಂಡುಸೂಜಿಗಳು. ಬಾಯಿ ತೆರೆಯುವ ಹಾಗಿಲ್ಲ. ಹೂಂ, ಹೂಂ, ಹೂಂ. ಅಷ್ಟರಿಂದಲೇ ಇವಳು ಬೆಳೆಯಲಿಲ್ಲವೇ? ಅಂಗಿಯ ಒದ್ದೆ ತೋಳಿಗೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು ನಿಂತಾಗ ಇವತ್ತೂ ಆ ವಾದವನ್ನೇ ಬಾತುಕೋಳಿಗೆ ಒಪ್ಪಿಸಿದಳು. ಅದು ಒಪ್ಪಿದಂತೆಯೂ ಕಂಡಿತು.

ಸಮ್ಮೇಳನದ ಕಟ್ಟಡ ಹೋಟೆಲಿಗೆ ಅಂಟಿಕೊಂಡೇ ಇತ್ತು. ಬಾಗಿಲು ದಾಟಿದರೆ ಹಾಸುಗಂಬಳಿಯ ವಾಸನೆ, ಎಷ್ಟೋ ಲ್ಯಾಪ್‌ಟಾಪುಗಳ ಬಿಸಿ, ಸಾಲಾಗಿ ನಿಂತ ಕಾಫಿಯ ಪೀಪಾಯಿಗಳು. ಮೂರು ದಿನದಿಂದ ಅವಳು ಇಲ್ಲಿ ನೀರಿನಲ್ಲಿ ಎಣ್ಣೆಯಂತೆ ಓಡಾಡಿದ್ದಳು. ಎದೆಯ ಮೇಲೆ ತೂಗುವ ಹೆಸರಿನ ಚೀಟಿಯನ್ನು ಓದಲು ಎಲ್ಲರೂ ಮೊದಲು ಎದೆಯನ್ನು ನೋಡಿ, ಹೆಸರು ಹೇಳಲು ಬಾಯಿ ತೆರೆದು, ಹೇಳಲಾರದೆ ನಕ್ಕು, ಇವಳ ಹೆಗಲಾಚೆ ಇನ್ಯಾರನ್ನೋ ಕಂಡು ಹೋಗಿಬಿಡುತ್ತಿದ್ದರು. ಮೊದಲ ದಿನ ಗಡ್ಡದವನೊಬ್ಬ ಖಾಲಿ ತಟ್ಟೆಯನ್ನು ಇವಳ ಕೈಗೆ ಕೊಟ್ಟು ಥ್ಯಾಂಕ್ಸ್ ಹೇಳಿ ನಡೆದಿದ್ದ, ಬಡಿಸುವವಳೆಂದುಕೊಂಡಿದ್ದ. ಅವಳು ಅದನ್ನು ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ಒಂದು ಭಾಷಣವನ್ನು ಪೂರ್ತಿ ಹಾಗೇ ನಿಂತು ಕೇಳಿದ್ದಳು. ನಡುವಯಸ್ಸಿನ ಹೆಂಗಸು ಇಂಥ ಜಾಗದಲ್ಲಿ ಒಂದೋ ಯಾರದೋ ತಾಯಿ, ಇಲ್ಲ ತಟ್ಟೆ ಎತ್ತುವವಳು. ಕಂಪನಿ ಇವಳನ್ನು ಕಳಿಸಿದ್ದೂ ಬರಬೇಕಿದ್ದವನಿಗೆ ವೀಸಾ ಸಿಗದೆ ಟಿಕೆಟ್ಟು ಹಾಳಾಗುತ್ತದೆಂದು.

ನಿನ್ನೆ ಕಾಫಿಯ ಹೊತ್ತಿನಲ್ಲಿ ನಾಲ್ಕಾರು ಜನ ತಾವು ಮನೆಯಲ್ಲಿ ಹುಡುಗಾಟಕ್ಕೆ ಮಾಡಿದ ಯಂತ್ರಗಳನ್ನು ತೋರಿಸಿಕೊಳ್ಳುತ್ತಿದ್ದರು. ಒಬ್ಬನದು ಬೆಕ್ಕು ಬಂದರೆ ತಾನೇ ತೆರೆಯುವ ಬಾಗಿಲು, ಇನ್ನೊಬ್ಬನದು ಗಿಡ ಒಣಗಿದರೆ ಬಯ್ಯುವ ಕುಂಡ. ಯಾಕೆ ಹೇಳಿದಳೋ, ಇವಳೂ ಹೇಳಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಫಿ ತೋಳಿನ ಮೇಲೆ ಬಿದ್ದದ್ದು ಆಗಲೇ. ಕೆಂಪು ಕನ್ನಡಕದ ಸಂಚಾಲಕ ಓಡಿಬಂದು, ಇದನ್ನು ನಾಳೆ ಐದು ನಿಮಿಷದ ಭಾಷಣಗಳಲ್ಲಿ ಹೇಳಲೇಬೇಕು ಎಂದು ಇವಳ ಹೆಸರನ್ನು ಹಲಗೆಯ ಮೇಲೆ, ತಪ್ಪಾಗಿ, ಬರೆದೇಬಿಟ್ಟ. ಸಂಜೆ ಕೋಣೆಗೆ ಬಂದು ಅವಳು ಮಾದರಿಗೆಂದು ಅಮ್ಮ ತುಂಡುತುಂಡಾಗಿ ಕಳಿಸಿ ನಡುನಡುವೆ ಯಂತ್ರ ಉತ್ತರಿಸಿದ್ದ ಯಾವುದಾದರೂ ಒಂದು ದಿನದ ಮಾತುಕತೆ ಹುಡುಕಿದಳು. ಹುಡುಕಿದ್ದು ಕಿವಿಯಿಂದಲ್ಲ, ಕಣ್ಣಿನಿಂದ. ಪರದೆಯ ಮೇಲೆ ದನಿಯ ಗೆರೆಗಳು ಏರಿಳಿಯುತ್ತವಲ್ಲ, ಅದರಲ್ಲಿ ನಡುನಡುವೆ ಒಳ್ಳೆಯ ಬಿಡುವುಗಳಿರುವುದನ್ನು, ಉತ್ತರಗಳು ಸೊಗಸಾಗಿ ಕೂರುವಂಥದ್ದನ್ನು, ಸುಮಾರು ಒಂದೂವರೆ ತಿಂಗಳ ಹಿಂದಿನದೊಂದನ್ನು ಆರಿಸಿ ಒಂದಕ್ಕೊಂದು ಅಂಟಿಸಿಕೊಂಡಳು. ಗೆರೆಗಳು ನೋಡಲು ಚೆನ್ನಾಗಿದ್ದವು.

ವೇದಿಕೆಯ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಎದುರಿನ ಕತ್ತಲೆಯಲ್ಲಿ ನೂರಾರು ಜನ. ಕಾಲಿನ ಬಳಿ ಸೆಕೆಂಡುಗಳನ್ನು ಇಳಿಸುತ್ತಿದ್ದ ಪುಟ್ಟ ಪರದೆ, ಕೊರಳಿನ ಹತ್ತಿರ ಗೊರಗೊರ ಎನ್ನುವ ಮೈಕು, ಒದ್ದೆ ಆರದ ತೋಳಿನ ತಣ್ಣನೆ. ಇಂಗ್ಲಿಷು ಅವಳ ಬಾಯಿಂದ ತಾನಾಗಿ ಹೊರಟಿತು. ಇದು ನನ್ನ ಅಮ್ಮ ಎಂದಳು. ಇದು ನಾನು. ಇದು ನಾನಲ್ಲದ ನಾನು. ಅಲ್ಲಿ ಮೊದಲನೇ ನಗು. “ಅಮ್ಮ ಏನು ಹೇಳುತ್ತಿದ್ದಾಳೆಂದು ನಿಮಗೆ ಗೊತ್ತಾಗಬೇಕಿಲ್ಲ,” ಎಂದಳು, ಮತ್ತು ಬಿಡುವು ಕೊಡುವುದರಲ್ಲಿ ನುರಿತವಳಾದ್ದರಿಂದ ಸ್ವಲ್ಪ ಬಿಡುವು ಕೊಟ್ಟು, “ನನಗೂ ಗೊತ್ತಿಲ್ಲ,” ಎಂದಳು. ಸಭೆ ಭೋರೆಂದಿತು. ಆ ನಗು ಬಿಸಿನೀರಿನಂತೆ ಅವಳ ಮೈಮೇಲೆ ಸುರಿಯಿತು. ಮೂರು ದಿನದ ಖಾಲಿ ತಟ್ಟೆ ಕೈಯಿಂದ ಜಾರಿತು. ಗುಂಡಿ ಒತ್ತಿದಳು. ಅಮ್ಮನ ದನಿ ಆ ದೊಡ್ಡ ಹಾಲಿನ ನಾಲ್ಕೂ ಮೂಲೆಯಿಂದ ಬಂತು, ಅವಳಿಗಿಂತ ದೊಡ್ಡದಾಗಿ. ನಡುವೆ ಇವಳ ದನಿ, ಹೌದಾ? ನಗು. ಮತ್ತೆ ಅಮ್ಮ. ಮತ್ತೆ ಇವಳು, ಹೂಂ. ನಗು. ಅವಳ ಗಮನವೆಲ್ಲ ಇಳಿಯುವ ಸೆಕೆಂಡುಗಳ ಮೇಲೆ, ಬರಲಿರುವ ಬಿಡುವಿನ ಮೇಲೆ. ಅಮ್ಮ ಏನೋ ತಡೆದು ತಡೆದು ಹೇಳಿ ನಿಂತಳು, ಮತ್ತು ಆ ನಿಂತ ಜಾಗದಲ್ಲಿ, ಅಳೆದು ಹೊಲಿದ ಹಾಗೆ, “ಒಳ್ಳೇದಾಯ್ತು ಬಿಡಮ್ಮ” ಬಂದು ಕೂತಿತು. ಜನ ಕುರ್ಚಿ ಕುಟ್ಟಿದರು. ಆಪತ್ತಿನ ಮಾತುಗಳನ್ನು ವಿವರಿಸಿ, ಈವರೆಗೆ ಒಂದು ಸಲವೂ ಕೆಂಪು ದೀಪ ಹತ್ತಿಲ್ಲ ಎಂದಾಗ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಇಳಿದು ಬಂದಾಗ ಗಡ್ಡದವನೇ ಕೈ ಕುಲುಕಿದ. ಯಾರೋ ಕಾಫಿ ತಂದುಕೊಟ್ಟರು. ಗುಂಪು ಕರಗುವವರೆಗೆ ಕಾದಿದ್ದ ಹಸಿರು ಸ್ವೆಟರಿನ ಹುಡುಗಿಯೊಬ್ಬಳು, ಇನ್ನೂ ಮೂವತ್ತಾಗಿರಲಾರದು, ಹತ್ತಿರ ಬಂದು ಕನ್ನಡದಲ್ಲಿ, ಬಹಳ ಮೆಲ್ಲಗೆ, “ಮೇಡಂ, ಅಮ್ಮ ಈಗ ಹೇಗಿದ್ದಾರೆ?” ಎಂದಳು.

ಇಲ್ಲಿ ಕನ್ನಡ ಕೇಳಿದ ಖುಷಿಗೆ ಅವಳ ಮುಖ ಅರಳಿತು. “ಅರೆ! ನಿಮಗೆ ಎಲ್ಲಾ ಅರ್ಥ ಆಯ್ತು ಹಾಗಾದ್ರೆ. ನಾನು ಬಚಾವಾದೆ ಅಂದ್ಕೊಂಡಿದ್ದೆ. ಅಮ್ಮನಿಗೇನು, ಗುಂಡುಕಲ್ಲಿನ ಹಾಗಿದ್ದಾರೆ.”

“ಅಬ್ಬ. ಹಾಗಿದ್ರೆ ಅದು ಏನೂ ಅಲ್ಲ ಅಂದ್ರಾ?”

“ಯಾವುದು?”

ಹುಡುಗಿ ಇವಳ ಮುಖವನ್ನು ಒಮ್ಮೆ ಪೂರ್ತಿ ನೋಡಿದಳು. ಆಮೇಲೆ ಅವಳ ಕಣ್ಣು ಕಾಫಿಯ ಲೋಟಕ್ಕೆ ಇಳಿಯಿತು. “ನೀವು ಬೇಕಂತಲೇ ಹಾಕಿದ್ದೀರಿ ಅಂದ್ಕೊಂಡೆ. ಎಲ್ಲ ಸರಿಹೋದ ಮೇಲೆ ಈಗ ನಗಬಹುದು ಅಂತ. ಸಾರಿ ಮೇಡಂ. ನೀವು... ಒಂದ್ಸಲ ಕೇಳಿ.”

“ಏನಂದ್ರು ಅಮ್ಮ?”

“ನಾನು ಹೇಳೋದು ಚೆನ್ನಾಗಿರಲ್ಲ ಅಕ್ಕ. ನೀವೇ ಕೇಳಿ.” ಮೇಡಂ ಹೋಗಿ ಅಕ್ಕ ಬಂದಿತ್ತು.

ಇಂಥ ಸಮ್ಮೇಳನಗಳಲ್ಲಿ ಗಲಾಟೆ ಸಾಕಾದವರಿಗೆ ಮೌನದ ಕೋಣೆ ಎಂದೊಂದು ಇರುತ್ತದೆ. ಮಂದ ದೀಪ, ಮೆತ್ತನೆ ಕುರ್ಚಿಗಳು, ಮಾತಾಡಬಾರದೆಂಬ ಫಲಕ. ಒಬ್ಬ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಅವಳು ಮೂಲೆಯಲ್ಲಿ ಕೂತು ಇಯರ್‌ಫೋನು ಸಿಕ್ಕಿಸಿಕೊಂಡು, ನೂರಾರು ಜನ ಆಗಲೇ ಕೇಳಿದ್ದನ್ನು ಕೇಳಿದಳು.

“ಪುಟ್ಟೀ, ಏನಿಲ್ಲ, ಗಾಬರಿ ಆಗ್ಬೇಡ. ನಿನ್ನೆ ಸ್ನಾನ ಮಾಡೋವಾಗ ಎಡಗಡೆ ಕೈಗೆ ಸಿಕ್ತು. ಕಂಕುಳ ಹತ್ರ, ಸ್ವಲ್ಪ ಮುಂದೆ. ಗಂಟಿನ ಥರ.”

“ಹೌದಾ?”

“ಹೂಂ. ನೋವು ಗೀವು ಏನಿಲ್ಲ. ಕೋಟಿನ ಗುಂಡಿ ಇರುತ್ತಲ್ಲ, ಅಷ್ಟಿದೆ. ಒತ್ತಿದ್ರೆ ಜರುಗಲ್ಲ.”

“ಹೂಂ.”

“ನಿಮ್ಮ ದೊಡ್ಡಮ್ಮನಿಗೂ ಹೀಗೇ ಶುರುವಾಗಿದ್ದು. ಅದಕ್ಕೇ ರಾತ್ರಿ ಸ್ವಲ್ಪ... ನಿದ್ದೆ ಬರ್ಲಿಲ್ಲ.”

“ಒಳ್ಳೇದಾಯ್ತು ಬಿಡಮ್ಮ.”

ಒಂದು ದೀರ್ಘ ಬಿಡುವು. ಗೆರೆಗಳಲ್ಲಿ ಅವಳಿಗೆ ಬಹಳ ಹಿಡಿಸಿದ್ದ ಬಿಡುವು. ಕೊನೆಗೆ ಅಮ್ಮ, “ಅಣ್ಣಂಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ,” ಎಂದಳು. “ಇಲ್ಲಮ್ಮ, ಯಾರಿಗೂ ಹೇಳಲ್ಲ,” ಎಂದಿತು ಅವಳ ದನಿ, ಬಹಳ ಅಕ್ಕರೆಯಿಂದ.

ಗಂಟು. ಜ್ವರ, ಡಾಕ್ಟರು, ಎದೆನೋವು ಎಲ್ಲ ಬರೆದಿದ್ದಳು. ಜಗತ್ತಿನ ಯಾವ ಅಮ್ಮ ಆಪತ್ತನ್ನು ಆಪತ್ತೆಂದು ಕರೆಯುತ್ತಾಳೆ? ಬಟ್ಟೆ ಹೊಲಿಯುವವಳು ಅದನ್ನು ಗುಂಡಿಯೆಂದು ಕರೆದಳು, ಏನಿಲ್ಲ ಎಂದು ಶುರುಮಾಡಿದಳು, ಯಂತ್ರಕ್ಕೆ ಏನಿಲ್ಲ ಎಂದರೆ ಏನೂ ಇಲ್ಲ. ಗುಂಡುಸೂಜಿಗಳ ವಿಷಯದಲ್ಲೂ ತಾನು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದು ಈಗ ಅವಳಿಗೆ ಹೊಳೆಯಿತು, ಬೇಡವೆಂದರೂ. ಏಳನೇ ತರಗತಿಯಲ್ಲಿರಬೇಕು. ಗಣಿತದ ಮೇಷ್ಟ್ರು ಜಾಮಿಟ್ರಿ ಪೆಟ್ಟಿಗೆ ಕೊಡುವ ನೆಪದಲ್ಲಿ ಕೈ ಹಿಡಿದುಕೊಳ್ಳುತ್ತಾರೆಂಬುದನ್ನು ಅವಳು ಎಲ್ಲ ಸುದ್ದಿಗಳ ನಡುವೆ, ಮಧ್ಯಾಹ್ನ ನೀರು ಬರಲಿಲ್ಲ ಎಂಬುದಕ್ಕೂ ಗೆಳತಿಯ ಹೊಸ ಚಪ್ಪಲಿಗೂ ನಡುವೆ, ಅದೇ ದನಿಯಲ್ಲಿ ಹೇಳಿದ್ದಳು. ಮಿಶನ್ನು ನಿಂತಿತು. ಅಮ್ಮ ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಪುಟ್ಟ ಸೂಜಿದಿಂಬಿಗೆ ಚುಚ್ಚಿ, “ಇನ್ನೊಂದ್ಸಲ ಹೇಳು” ಎಂದಿದ್ದಳು.

ಅದರ ಕೆಳಗೆ ಮರುದಿನದ ಮೆಸೇಜಿತ್ತು. ಅದನ್ನೂ ಒತ್ತಿದಳು. “ನೀನು ಒಳ್ಳೇದಾಯ್ತು ಬಿಡು ಅಂದಾಗ ನಂಗೆ ಒಂದು ಗಳಿಗೆ ಸಿಟ್ಟೇ ಬಂತು ಗೊತ್ತಾ? ಇದೇನು, ನನ್ನ ಮಗಳೇನಾ ಇವಳು ಅಂತ. ಆಮೇಲೆ ಯೋಚನೆ ಮಾಡ್ದೆ. ಓದಿದವಳು, ಕಂಪ್ಯೂಟರಲ್ಲಿ ನೋಡೇ ಹೇಳಿರ್ತಾಳೆ. ಹೆದರೋ ಅಂಥದ್ದಾಗಿದ್ರೆ ಎದ್ದುಬಿದ್ದು ಓಡಿ ಬರ್ತಿದ್ಲಲ್ಲ? ಬರ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತಲೇ ಅರ್ಥ. ಚೆನ್ನಾಗಿ ನಿದ್ದೆ ಬಂತು ರಾತ್ರಿ.” ಅದಕ್ಕೆ ಅವಳ ದನಿಯ ಉತ್ತರ, “ಊಟ ಆಯ್ತು, ನಿಂದು?”

ಒಂದೂವರೆ ತಿಂಗಳು. ಅಮ್ಮ ಇಷ್ಟು ದಿನ ಹಾಡು ಗುನುಗಿದ್ದು ಅದಕ್ಕೆ.

ಕೋಣೆಯಿಂದ ಹೊರಬಿದ್ದಾಗ ಎದುರಿಗೇ ಕೆಂಪು ಕನ್ನಡಕ. ನಿಮ್ಮದೇ ಈ ಸಲದ ಅತ್ಯುತ್ತಮ ಎಂದ. ವಿಡಿಯೋವನ್ನು ಇವತ್ತೇ, ಎಲ್ಲಕ್ಕಿಂತ ಮೊದಲು ಹಾಕುತ್ತೇವೆಂದ. ಬೇಡ, ಅಳಿಸಿಬಿಡಿ ಎಂದಳು. ಅವನು ನಕ್ಕು, ನಗು ಅಲ್ಲೇ ಉಳಿದು, ಯಾಕೆ ಎಂದ. “ಅದು ನನ್ನದಲ್ಲ,” ಎಂದಷ್ಟೇ ಹೇಳಿ, ಬೆಂಕಿ ಬಿದ್ದರೆ ಇಳಿಯಲೆಂದು ಇಟ್ಟ ಹಿಂಬದಿಯ ಮೆಟ್ಟಿಲಿನ ಭಾರದ ಬಾಗಿಲನ್ನು ತಳ್ಳಿಕೊಂಡು ಹೋದಳು. ಸಿಮೆಂಟಿನ ಮೆಟ್ಟಿಲ ಮೇಲೆ ಕೂತು, ಮೊದಲು ಯಂತ್ರವನ್ನು ನಿಲ್ಲಿಸಿ, ಆಮೇಲೆ ಅಮ್ಮನಿಗೆ ಫೋನು ಮಾಡಿದಳು. ಬಹಳ ಹೊತ್ತು ಬಡಿದುಕೊಂಡಿತು.

“ಏನೇ, ಫೋನೇ ಮಾಡ್ಬಿಟ್ಟೆ! ಎಲ್ಲಾ ಸರಿ ಇದೆಯಾ? ಪಾಸ್‌ಪೋರ್ಟ್ ಕಳೆದ್ಯಾ?”

“ಇಲ್ಲಮ್ಮ. ಸುಮ್ನೆ ಮಾತಾಡೋಣ ಅಂತ.”

“ಮಧ್ಯಾಹ್ನ ತಾನೆ ಮಾತಾಡಿದ್ವಲ್ಲ. ಅದೇ, ಕೆಳಗಿನ ಮನೆಯವ್ರು ಹಲ್ಲು ಸೆಟ್ಟನ್ನ ಬಾಲ್ಕನಿಯಿಂದ ಬೀಳಿಸಿ...”

“ಅಮ್ಮ, ಕೇಳು...”

“ನೀನು ಕೇಳು. ಬೀಳಿಸಿ, ಅದು ಹೋಗಿ...”

“ಅಮ್ಮ, ಒಂದ್ನಿಮಿಷ...”

“ಇದ್ಯಾಕೆ ಇವತ್ತು ಹೀಗೆ ಮಧ್ಯ ಮಧ್ಯ ಬಾಯಿ ಹಾಕ್ತೀಯ? ದಿನಾ ಎಷ್ಟು ಚೆನ್ನಾಗಿ ಕೇಳಿಸ್ಕೊಳ್ತಿದ್ದೆ.”

ಹಲ್ಲಿನ ಸೆಟ್ಟು ಯಾರದೋ ಹೂಕುಂಡದಲ್ಲಿ ಬಿದ್ದು ನಗುತ್ತಿದ್ದ ಕಥೆಯನ್ನು ಅಮ್ಮ ಪೂರ್ತಿ ಹೇಳಿದಳು. ಎಲ್ಲಿ ಹೂಂ ಎನ್ನಬೇಕೋ ಅಲ್ಲಿ ಇವಳ ಹೂಂ ಬೇಗ ಬಂತು, ಇಲ್ಲ ತಡವಾಗಿ ಬಂತು. ತಾನೇ ಕಲಿಸಿದ್ದು ತನಗೇ ಬರುತ್ತಿರಲಿಲ್ಲ. ಕಥೆ ಮುಗಿದ ಮೇಲೆ, “ಅಮ್ಮ, ಆ ಗಂಟು,” ಎಂದಳು.

“ಯಾವ ಗಂಟು?”

“ಕೋಟಿನ ಗುಂಡಿಯಷ್ಟು ಅಂದ್ಯಲ್ಲ.”

“ಈಗ್ಯಾಕೆ ಅದು? ನೀನೇ ಒಳ್ಳೇದಾಯ್ತು ಬಿಡು ಅಂದ್ಯಲ್ಲ.”

ಅದು ನಾನಲ್ಲಮ್ಮ. ಮಾತು ನಾಲಿಗೆಯ ತುದಿಯಲ್ಲಿತ್ತು, ಹೊರಗೆ ಬಂದುಬಿಟ್ಟರೆ ತಾನು ಹಗುರಾಗುವಳೆಂಬುದೂ ಗೊತ್ತಿತ್ತು. ನೀನಲ್ಲದೆ ಇನ್ಯಾರು ಎಂದು ಅಮ್ಮ ಕೇಳುತ್ತಾಳೆ. ಆಗ ಹೇಳಬೇಕು. ನಲ್ಲಿಯ ವಾಷರು, ಫ್ರಿಜ್ಜಿನ ಬಾಗಿಲು, ರಾತ್ರಿಯ ಹೆದರಿಕೆ, ದೊಡ್ಡಮ್ಮ, ಅಷ್ಟನ್ನೂ ಕಿಟಕಿಯ ಪಕ್ಕ ಕೂತು ಅಮ್ಮ ಗೋಡೆಗೆ ಹೇಳಿಕೊಂಡಿದ್ದೆಂದು ಒಂದೊಂದಾಗಿ ತೋರಿಸಬೇಕು. ತಾನು ಹಗುರಾಗಿ, ಆ ಭಾರವನ್ನೆಲ್ಲ ಅಮ್ಮನ ಕುರ್ಚಿಯ ಮೇಲೆ ಇಳಿಸಿದ ಹಾಗೆ. ಅವಳು ಸಿಮೆಂಟಿನ ಗೋಡೆಗೆ ಹಣೆ ಒತ್ತಿದಳು.

“ಹೌದು, ಅಂದೆ,” ಎಂದಳು. “ತಪ್ಪು ಹೇಳಿದೆ ಅಮ್ಮ. ಸರಿಯಾಗಿ ಕೇಳಿಸ್ಕೊಳ್ಳದೆ ಹೇಳಿದೆ.”

“ನಿಂಗೂ ತಪ್ಪಾಗುತ್ತಾ?” ಅಮ್ಮ ನಗಲು ನೋಡಿದಳು, ಆಗಲಿಲ್ಲ. “ಹಾಗಾದ್ರೆ ಹೆದರ್ಬೇಕಾ ನಾನು?”

“ಗೊತ್ತಿಲ್ಲಮ್ಮ. ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ರ ಹೋಗು. ಅತ್ತಿಗೆ ಜೊತೆ ಹೋಗು. ನಾನು ಮೊದಲನೇ ವಿಮಾನ ಹಿಡಿದು ಬರ್ತೀನಿ.”

“ಅವಳ ಜೊತೆನಾ? ಅಯ್ಯೋ, ಆಸ್ಪತ್ರೆ ಬಾಗಿಲನ್ನೂ ದಡಾರ್ ಅನ್ನಿಸ್ತಾಳೆ.” ಆಮೇಲೆ ಸಣ್ಣ ದನಿಯಲ್ಲಿ, “ಇಷ್ಟು ದಿನ ಯಾರಿಗೂ ಹೇಳಿಲ್ಲ ತಾನೇ ನೀನು?”

“ಇಲ್ಲಮ್ಮ,” ಎಂದಳು. “ಯಾರಿಗೂ ಹೇಳಿಲ್ಲ.” ನೂರಾರು ಜನರ ಚಪ್ಪಾಳೆ ಕಿವಿಯಲ್ಲಿ ಎದ್ದು ಅಡಗಿತು.

ಫೋನಿಟ್ಟ ಮೇಲೂ ಅವಳು ಏಳಲಿಲ್ಲ. ಗೋಡೆಯಾಚೆ ಸಮಾರೋಪ ಶುರುವಾಗಿರಬೇಕು, ಯಾರದೋ ದನಿ ಮೈಕಿನಲ್ಲಿ ಎಲ್ಲರಿಗೂ ವಂದಿಸುತ್ತಿತ್ತು. ವಿಮಾನದ ಟಿಕೆಟ್ಟು ಬದಲಿಸಿಯಾಯಿತು, ಅಣ್ಣನಿಗೆ ಹೇಳಿಯಾಯಿತು. ಅವನಿಗಾಗಲಿ, ಹಸಿರು ಸ್ವೆಟರಿನ ಹುಡುಗಿಗಾಗಲಿ, ಡಾಕ್ಟರು ಏನೇ ಹೇಳಲಿ, ಮುಂದೆ ಯಾವತ್ತಾದರೂ ಅಮ್ಮನಿಗೇ ಆಗಲಿ, ಆ ದನಿ ತನ್ನದಲ್ಲವೆಂದು ಹೇಳಿಕೊಳ್ಳುವುದಿಲ್ಲ. ಅದು ಆಡಿದ್ದೆಲ್ಲ ತಾನೇ ಆಡಿದ್ದು. ಅಷ್ಟು ನಿಶ್ಚಯವಾದ ಮೇಲೆ ಇನ್ನೊಂದೂ ತಾನಾಗಿ ನಿಶ್ಚಯವಾಯಿತು. ತಾನು ಆಡಿದ್ದೆಂದ ಮೇಲೆ ತಾನು ಕೇಳಿರಲೇಬೇಕಲ್ಲ. ಫೋನಿನಲ್ಲಿ ಹಿಂದೆ ಹಿಂದೆ ಹೋಗಿ, ಎಲ್ಲಕ್ಕಿಂತ ಮೊದಲಿನ ಮೆಸೇಜನ್ನು ಹುಡುಕಿ ಒತ್ತಿದಳು. “ಹಲೋ, ಹಲೋ. ಬರ್ತಿದೆಯಾ ಇದು? ಇಲ್ಲಿ ನಲ್ಲಿ ತೊಟಕ್ ತೊಟಕ್ ಅಂತ ರಾತ್ರಿಯೆಲ್ಲಾ...” ಖಾಲಿ ಮೆಟ್ಟಿಲುಗಳ ಮೇಲೆ, ಯಾರೂ ಕೇಳದ ಜಾಗದಲ್ಲಿ, ಅಮ್ಮ ಉಸಿರು ತೆಗೆದುಕೊಳ್ಳುವುದನ್ನೇ ಕಾದು, ಅವಳು “ಹೂಂ” ಎಂದಳು.